ಬೆಟ್ಟದಿಂದ ಕಾಣುವ ರೇಸ್‌ಕೋರ್ಸು, ಸದನದಲ್ಲಿ ಕಾಣದ ಲೆಕ್ಕ

ಮಂಡ್ಯದಿಂದ ಅಕ್ಕನ ಮಗ ರಜಕ್ಕೆ ಬಂದಿದ್ದ. ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ದಾರಿಯಲ್ಲಿ ಊರು ಕಾಣುವ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಅರಮನೆ ತೋರಿಸಿದೆ, ಲಲಿತ ಮಹಲ್ ತೋರಿಸಿದೆ, ಕಾರಂಜಿ ಕೆರೆ ತೋರಿಸಿದೆ. ಅವನು ಮಾತ್ರ ಕೆಳಗಿನ ದೊಡ್ಡ ಹಸಿರು ಬಯಲನ್ನೇ ನೋಡುತ್ತಿದ್ದ.

"ಮಾವ, ಅದು ಯಾರದು?"

"ರೇಸ್‌ಕೋರ್ಸು ಕಣೋ. ಜಾಗ ಸರ್ಕಾರದ್ದು."

"ಸರ್ಕಾರದ್ದು ಅಂದ್ರೆ ನಾವು ಹೋಗಿ ಕ್ರಿಕೆಟ್ ಆಡಬಹುದಾ?"

ಆಡೋಕಾಗಲ್ಲ ಅಂದೆ. ಯಾಕೆ ಅಂದ. ಕ್ಲಬ್ಬಿಗೆ ಗುತ್ತಿಗೆಗೆ ಕೊಟ್ಟಿದ್ದಾರೆ ಅಂದೆ. ಎಷ್ಟಕ್ಕೆ ಅಂತ ಕೇಳಿದ. ಅಲ್ಲಿಗೆ ನನ್ನ ಮಾತು ನಿಂತುಹೋಯಿತು. ಇಷ್ಟು ವರ್ಷ ಇದೇ ಊರಿನಲ್ಲಿದ್ದೇನೆ. ನೂರು ಎಕರೆಗೂ ಜಾಸ್ತಿ ಸರ್ಕಾರಿ ಜಾಗ ಊರಿನ ನಡುವೆ ಇದೆ. ಅದರ ಬಾಡಿಗೆ ಎಷ್ಟು, ಅದನ್ನು ಯಾರು ತೀರ್ಮಾನಿಸುತ್ತಾರೆ, ಆ ತೀರ್ಮಾನ ಯಾರ ಮುಂದೆ ಚರ್ಚೆಯಾಗುತ್ತದೆ ಅಂತ ಯಾವತ್ತೂ ಕೇಳಿರಲಿಲ್ಲ.

ಆ ಹುಡುಗನ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಕುದುರೆ ರೇಸು ಒಳ್ಳೆಯದೋ ಕೆಟ್ಟದ್ದೋ ಅನ್ನುವ ಚರ್ಚೆ ಹಳೆಯದು. ಸರ್ಕಾರ ಈ ಉದ್ಯಮಕ್ಕೆ ಯಾವ ರೂಪದಲ್ಲಿ ನೆರವು ಕೊಡುತ್ತಿದೆ, ಅದನ್ನು ಹೇಗೆ ಹಿಡಿತದಲ್ಲಿಡುತ್ತಿದೆ, ಆ ಬಗ್ಗೆ ನಮ್ಮ ಸದನದಲ್ಲಿ ವಿರೋಧದ ಒಂದು ದನಿಯಾದರೂ ಏಳಲು ಜಾಗ ಇದೆಯಾ? ನಾನು ಕೇಳುತ್ತಿರುವುದು ಇದನ್ನು.

ಮೊದಲು ಐರ್ಲೆಂಡಿನ ಕಥೆ ನೋಡೋಣ. ಕುದುರೆ ರೇಸಿಗೆ ಸರ್ಕಾರವೇ ನೇರವಾಗಿ ದುಡ್ಡು ಕೊಡುವ ದೇಶ ಅದು. 2001ರಲ್ಲಿ ಅಲ್ಲಿ ಒಂದು ಕಾಯ್ದೆ ಬಂತು. ಕುದುರೆ ರೇಸಿಗೂ ಗ್ರೇಹೌಂಡ್ ನಾಯಿಗಳ ರೇಸಿಗೂ ಸೇರಿ ಒಂದು ನಿಧಿ ಮಾಡಿದರು. ಅದರಲ್ಲಿ ನೂರಕ್ಕೆ 80 ಭಾಗ ಕುದುರೆಗೆ, 20 ಭಾಗ ನಾಯಿಗೆ. 2024ಕ್ಕೆ ಆ ನಿಧಿಗೆ ಇಟ್ಟ ಹಣ 9.5 ಕೋಟಿ ಯೂರೊ. ಅಂದರೆ ಕುದುರೆಗೆ 7.6 ಕೋಟಿ, ನಾಯಿಗೆ 1.9 ಕೋಟಿ. ಇದರಲ್ಲಿ ದೊಡ್ಡ ಪಾಲು ಗೆದ್ದವರ ಬಹುಮಾನಕ್ಕೆ ಹೋಗುತ್ತದೆ.

ಈ ಹಣ ಸುಮ್ನೆ ಹೋಗುವುದಿಲ್ಲ. ಅಲ್ಲಿನ ಕೆಳಮನೆಯ ಒಪ್ಪಿಗೆ ಬೇಕು. ಹಾಗಾಗಿ ವರ್ಷ ವರ್ಷವೂ ಜಗಳ. ಸೋಷಿಯಲ್ ಡೆಮಾಕ್ರಾಟ್ಸ್, ಪೀಪಲ್ ಬಿಫೋರ್ ಪ್ರಾಫಿಟ್ ಪಕ್ಷಗಳ ಸದಸ್ಯರು ಎದ್ದು ನಿಂತು ಬೇಡ ಅನ್ನುತ್ತಾರೆ. ಮನೆ ಬಾಡಿಗೆ ಕಟ್ಟಲಾಗದೆ ಜನ ಒದ್ದಾಡುತ್ತಿರುವಾಗ ಕೋಟ್ಯಧಿಪತಿಗಳ ಕುದುರೆಗೆ ಯಾಕೆ ಬಹುಮಾನ ಕೊಡಬೇಕು ಅನ್ನುವುದು ಒಂದು ವಾದ. ನಾಯಿಗಳ ಪಾಡೇನು ಅನ್ನುವುದು ಇನ್ನೊಂದು. 2019ರಲ್ಲಿ ಅಲ್ಲಿನ ಸಾರ್ವಜನಿಕ ಟಿವಿ ಒಂದು ತನಿಖಾ ವರದಿ ಮಾಡಿತ್ತು. ಜೋರಾಗಿ ಓಡಲಾರವು ಅನ್ನುವ ಒಂದೇ ಕಾರಣಕ್ಕೆ ವರ್ಷಕ್ಕೆ ಸುಮಾರು 6,000 ಗ್ರೇಹೌಂಡ್ ನಾಯಿಗಳನ್ನು ಕೊಲ್ಲುತ್ತಿದ್ದಾರೆ ಅಂತ ಅದು ಹೇಳಿತು. ಆ ಅಂಕಿ ಬಂದದ್ದು ರೇಸಿನ ಮಂಡಳಿಯೇ ಮಾಡಿಸಿದ್ದ ವರದಿಯಿಂದ. ಪ್ರಾಯೋಜಕರು ಕೆಲವರು ಹಿಂದೆ ಸರಿದರು. ಸರ್ಕಾರ ಸರಿಯಲಿಲ್ಲ.

ಪರವಾಗಿ ಮಾತಾಡುವವರಿಗೂ ಅಲ್ಲಿ ಗಟ್ಟಿ ನೆಲೆ ಇದೆ. ಹಳ್ಳಿಗಾಡಿನ ಸದಸ್ಯರು ಪಕ್ಷ ನೋಡದೆ ರೇಸಿನ ಬೆನ್ನಿಗೆ ನಿಲ್ಲುತ್ತಾರೆ. ಕುದುರೆ ಸಾಕಣೆ, ಮೇವು, ಲಾಳ, ಪಶುವೈದ್ಯರು ಎಲ್ಲ ಸೇರಿ 30 ಸಾವಿರದಷ್ಟು ಉದ್ಯೋಗ ಅಂತ ಉದ್ಯಮ ಲೆಕ್ಕ ಕೊಡುತ್ತದೆ. ಬಾಜಿಯ ಮೇಲೆ ತೆರಿಗೆ ಬರುತ್ತದಲ್ಲ, ಅದರಲ್ಲೇ ಕೊಡಿ ಅನ್ನುತ್ತಾರೆ. ಕೊನೆಗೆ ಮತಕ್ಕೆ ಹಾಕಿದಾಗ ಸರ್ಕಾರ ಗೆಲ್ಲುತ್ತದೆ. ಮುಂದಿನ ವರ್ಷ ಮತ್ತೆ ಅದೇ ಚರ್ಚೆ.

ಸೋಲುವ ವಿರೋಧದಿಂದ ಏನು ಪ್ರಯೋಜನ ಅಂತ ಅನ್ನಿಸಬಹುದು. ಪ್ರಯೋಜನ ಇದೆ. 2023ರಲ್ಲಿ ನಡೆದದ್ದನ್ನು ನೋಡಿ. ಐರ್ಲೆಂಡಿನಲ್ಲಿ ಕುದುರೆ ರೇಸಿನ ಶಿಸ್ತು ಕಾಯುವ ಸಂಸ್ಥೆ ಬೇರೆಯೇ ಇದೆ. ಅದಕ್ಕೂ ಸರ್ಕಾರದ ದುಡ್ಡು ಹೋಗುತ್ತದೆ. ಹಾಗಾಗಿ ಅದರ ಮುಖ್ಯಸ್ಥರು ಸಂಸತ್ತಿನ ಲೆಕ್ಕಪತ್ರ ಸಮಿತಿಯ ಮುಂದೆ ಕೂತು ಉತ್ತರ ಕೊಡಬೇಕು. ಹಾಗೆ ಕೂತ ದಿನ, ಗಂಭೀರ ಕಳವಳದ ಹಣಕಾಸು ವಿಷಯವೊಂದು ತಮ್ಮ ಗಮನಕ್ಕೆ ಬಂದಿದೆ ಅಂತ ಅವರೇ ಸಮಿತಿಗೆ ಹೇಳಿದರು. ಕುದುರೆಯಿಂದ ಬಿದ್ದು ಗಾಯಗೊಂಡ ಜಾಕಿಗಳಿಗಾಗಿ ಇದ್ದ ನಿಧಿಯಿಂದ 3.5 ಲಕ್ಷ ಯೂರೊ ಸಂಸ್ಥೆಯ ಖಾತೆಗೆ ಹೋಗಿ, ಕೆಲವು ತಿಂಗಳ ನಂತರ ವಾಪಸ್ ಬಂದಿತ್ತು. ಜಾಕಿಗಳ ಕಷ್ಟದ ದುಡ್ಡು ಅದು. ಸರ್ಕಾರದ ಹಣ ಆ ಸಂಸ್ಥೆಗೆ ಹೋಗದಿದ್ದರೆ ಸಂಸತ್ತಿನ ಸಮಿತಿಗೆ ಅವರನ್ನು ಕರೆಸಿ ಕೂರಿಸುವ ಹಕ್ಕೇ ಇರುತ್ತಿರಲಿಲ್ಲ.

ಇಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಐರ್ಲೆಂಡಿನಲ್ಲಿ ವಿರೋಧ ಇರುವುದಕ್ಕೆ ಕಾರಣ ಅಲ್ಲಿನ ಜನ ನಮಗಿಂತ ಜಾಸ್ತಿ ಎಚ್ಚರದವರು ಅಂತಲ್ಲ. ಅಲ್ಲಿ ನೆರವು ಬಜೆಟ್ಟಿನಲ್ಲಿ ಒಂದು ಸಾಲಾಗಿ ಬರುತ್ತದೆ, ಎದುರಿಗೆ ಒಂದು ಅಂಕಿ ಇರುತ್ತದೆ. ಅಂಕಿ ಇದ್ದರೆ ಅದಕ್ಕೆ ಕೈ ಎತ್ತಬಹುದು, ಎತ್ತದೆಯೂ ಇರಬಹುದು. ನಮ್ಮಲ್ಲಿ ಆ ಸಾಲೇ ಇಲ್ಲ.

ಹಾಗಂತ ನಮ್ಮಲ್ಲಿ ನೆರವು ಇಲ್ಲ ಅಂತ ಅಲ್ಲ. ಇಲ್ಲಿ ಸರ್ಕಾರ ರೇಸಿಗೆ ಕೊಡುವುದು ಜಾಗ.

ಇದು ಎಷ್ಟು ದೊಡ್ಡ ನೆರವು ಅಂತ ಗೊತ್ತಾಗಬೇಕಾದರೆ ಚೆನ್ನೈಗೆ ಹೋಗಬೇಕು. ಗಿಂಡಿಯ ರೇಸ್‌ಕೋರ್ಸಿಗೆ 1945ರಲ್ಲಿ ಸುಮಾರು 160 ಎಕರೆ ಜಾಗವನ್ನು 99 ವರ್ಷಕ್ಕೆ ಗುತ್ತಿಗೆ ಕೊಟ್ಟರು. ಬಾಡಿಗೆ ವರ್ಷಕ್ಕೆ 614 ರೂಪಾಯಿ ಚಿಲ್ಲರೆ. ತಿಂಗಳಿಗಲ್ಲ, ವರ್ಷಕ್ಕೆ. ನಮ್ಮ ಬೀದಿಯಲ್ಲಿ ಒಂದು ಸಣ್ಣ ಅಂಗಡಿ ಮಳಿಗೆಗೆ ಒಂದು ದಿನಕ್ಕೆ ಆಗುವ ಬಾಡಿಗೆ ಅದು. 1970ರಿಂದ ಬಾಡಿಗೆ ಏರಿಸುವ ವಿಚಾರದಲ್ಲಿ ಸರ್ಕಾರಕ್ಕೂ ಕ್ಲಬ್ಬಿಗೂ ತಕರಾರು. 2023ರಲ್ಲಿ ಮದ್ರಾಸ್ ಹೈಕೋರ್ಟ್ 730 ಕೋಟಿ ರೂಪಾಯಿಗೂ ಜಾಸ್ತಿ ಬಾಕಿ ಕಟ್ಟಿ ಅಂದಿತು. 2024ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ಗುತ್ತಿಗೆ ರದ್ದು ಮಾಡಿ ಗೇಟಿಗೆ ಬೀಗ ಹಾಕಿತು. ಆ ಜಗಳ ಮತ್ತೆ ಕೋರ್ಟಿಗೇ ಹೋಯಿತು. ಇಷ್ಟು ದಶಕ ಆ 614 ರೂಪಾಯಿ ಯಾವ ಬಜೆಟ್ಟಿನಲ್ಲೂ ನೆರವು ಅಂತ ಕಾಣಲಿಲ್ಲ. ಕಂಡಿದ್ದರೆ ಯಾರಾದರೊಬ್ಬ ಸದಸ್ಯ ಮೊದಲ ಹತ್ತು ವರ್ಷದಲ್ಲೇ ಕೇಳುತ್ತಿದ್ದ ಅಲ್ವಾ?

ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಗುತ್ತಿಗೆ 2013ರಲ್ಲೇ ಮುಗಿದಿತ್ತು. ಹತ್ತು ವರ್ಷ ಹಾಗೇ ನಡೆಯಿತು. 2024ರಲ್ಲಿ ಒಪ್ಪಂದವಾಗಿ 120 ಎಕರೆ ಪಾರ್ಕಿಗೆ ಬಂತು, 91 ಎಕರೆ ಕ್ಲಬ್ಬಿಗೆ ಉಳಿಯಿತು. ಬೆಂಗಳೂರಿನ ಟರ್ಫ್ ಕ್ಲಬ್ಬಿನ ಗುತ್ತಿಗೆ 2009ರ ಕೊನೆಗೆ ಮುಗಿಯಿತು. ಊರ ಹೊರಗೆ ಚಿಕ್ಕಜಾಲದ ಕಡೆಗೆ ಕಳಿಸುವ ಮಾತಾಯಿತು, ಕೋರ್ಟಾಯಿತು, ಕುದುರೆಗಳು ರೇಸ್‌ಕೋರ್ಸ್ ರಸ್ತೆಯಲ್ಲೇ ಓಡುತ್ತಿದ್ದವು. ಅದರ ಬಾಡಿಗೆ ಬಾಕಿಯ ವಿಷಯವನ್ನು ನಮ್ಮ ವಿಧಾನಮಂಡಲದ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಕೈಗೆತ್ತಿಕೊಂಡಿತ್ತು. ಸಂಪ್ರದಾಯದಂತೆ ವಿರೋಧ ಪಕ್ಷದವರು ಅಧ್ಯಕ್ಷರಾಗುವ ಸಮಿತಿ ಅದು. ನಮ್ಮ ಸದನದಲ್ಲೂ ಕೇಳುವ ಬಾಗಿಲು ಇದೆ ಅನ್ನುವುದಕ್ಕೆ ಇದು ಸಾಕ್ಷಿ. ಆದರೆ ಆ ಬಾಗಿಲು ತೆಗೆದದ್ದು ಗುತ್ತಿಗೆ ಮುಗಿದು, ಬಾಕಿ ಬೆಳೆದ ಮೇಲೆ.

ಕುಣಿಗಲ್‌ನ ಕುದುರೆ ಫಾರಂ ಕೂಡ ಇದೇ ಸಾಲಿಗೆ ಸೇರುತ್ತದೆ. ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದ ಜಾಗ. ನಾನೂರು ಎಕರೆಗೂ ಹೆಚ್ಚಿನ ಆ ಸರ್ಕಾರಿ ನೆಲವನ್ನು ರೇಸ್ ಕುದುರೆ ಸಾಕಣೆಗೆ ಖಾಸಗಿಯವರಿಗೆ ಗುತ್ತಿಗೆ ಕೊಟ್ಟರು.

ಮೈಸೂರಿಗೆ ವಾಪಸ್ ಬರೋಣ. ನಮ್ಮ ರೇಸಿಗೆ ಮಹಾರಾಜರ ಕಾಲದ ನಂಟಿದೆ. ಮಳೆಗಾಲದಲ್ಲಿ ಶುರುವಾದ ರೇಸು ದಸರಾ ಹೊತ್ತಿಗೆ ಕಾವೇರುತ್ತದೆ, ಅಕ್ಟೋಬರಿನಲ್ಲಿ ಡರ್ಬಿ ಅನ್ನುವ ದೊಡ್ಡ ರೇಸು. ಒಳಗೆ ಗಾಲ್ಫ್ ಮೈದಾನವೂ ಇದೆ. ಬೆಟ್ಟದ ಬುಡದಲ್ಲಿ ಇಷ್ಟು ದೊಡ್ಡ ಬಯಲು ಕಾಂಕ್ರೀಟ್ ಆಗದೆ ಉಳಿದಿರುವುದಕ್ಕೆ ರೇಸ್‌ಕೋರ್ಸು ಇದ್ದದ್ದೂ ಒಂದು ಕಾರಣ. ಇದನ್ನು ಒಪ್ಪಿಕೊಳ್ಳಲೇಬೇಕು. ಕಾರಂಜಿ ಕೆರೆಯ ಹಕ್ಕಿಗಳಿಗೆ ಬೆಟ್ಟದವರೆಗೆ ಹಾರಲು ಒಂದು ಹಸಿರು ದಾರಿ ಉಳಿದಿದೆ. ಕ್ಲಬ್ಬನ್ನು ಎಬ್ಬಿಸಿ ಅಲ್ಲಿ ಮಾಲ್ ಕಟ್ಟುವುದಾದರೆ ನಾನು ಕ್ಲಬ್ಬಿನ ಪರವಾಗಿ ಬೀದಿಗಿಳಿಯುತ್ತೇನೆ. ಆದರೆ ಜಾಗ ಉಳಿಯಬೇಕು ಅನ್ನುವುದೂ, ಅದರ ಬಾಡಿಗೆ ಎಷ್ಟು ಅಂತ ಸದನಕ್ಕೆ ಗೊತ್ತಿರಬೇಕು ಅನ್ನುವುದೂ ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಎರಡನೆಯ ನೆರವು ಕಾನೂನಿನದು. ಅದು ಅರ್ಥವಾಗಬೇಕಾದರೆ 1949ರ ಸೆಪ್ಟೆಂಬರ್ 2ಕ್ಕೆ ಹೋಗಬೇಕು. ಅಂದು ಸಂವಿಧಾನ ಸಭೆಯ ಮುಂದೆ ಬಂದದ್ದು ರಾಜ್ಯಪಟ್ಟಿಯಲ್ಲಿ, ಅಂದರೆ ರಾಜ್ಯಗಳು ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಯಲ್ಲಿ, 'ಬಾಜಿ ಮತ್ತು ಜೂಜು' ಅನ್ನುವ ವಿಷಯ ಸೇರಿಸುವ ಪ್ರಸ್ತಾಪ. ಶಿಬ್ಬನ್‌ಲಾಲ್ ಸಕ್ಸೇನಾ, ಲಕ್ಷ್ಮೀನಾರಾಯಣ ಸಾಹು ಮುಂತಾದವರು ವಿರೋಧಿಸಿದರು. ಗಾಂಧೀಜಿಯ ಹೆಸರು ಹೇಳುವ ದೇಶದ ಸಂವಿಧಾನದಲ್ಲಿ ಜೂಜಿಗೆ ಜಾಗ ಯಾಕೆ ಅನ್ನುವುದು ಅವರ ಸಂಕಟ. ಸ್ವತಂತ್ರ ಭಾರತದಲ್ಲಿ ಈ ವಿಷಯಕ್ಕೆ ಸದನದೊಳಗೆ ಎದ್ದ ಅತಿ ಪ್ರಾಮಾಣಿಕ ವಿರೋಧ ಅದು ಅಂತ ನನ್ನ ಭಾವನೆ.

ಅಂಬೇಡ್ಕರ್ ಕೊಟ್ಟ ಉತ್ತರವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಪಟ್ಟಿಯಿಂದ ಈ ಮಾತು ತೆಗೆದುಬಿಟ್ಟರೆ ಜೂಜು ನಿಲ್ಲುವುದಿಲ್ಲ, ಅದನ್ನು ಹಿಡಿಯುವ ಕೈ ಇಲ್ಲವಾಗುತ್ತದೆ ಅನ್ನುವುದು ಅವರ ವಾದದ ಸಾರ. ಪಟ್ಟಿಯಲ್ಲಿ ಇಟ್ಟರೆ ಜೂಜನ್ನು ನಿಷೇಧಿಸುವ ಪೂರ್ತಿ ಅಧಿಕಾರ ರಾಜ್ಯಕ್ಕೆ ಸಿಗುತ್ತದೆ. ನಿಮಗೆ ಜೂಜು ಬೇಡವೇ ಬೇಡ ಅಂತಿದ್ದರೆ, ಅದು ಅಪರಾಧ ಅಂತ ಸಂವಿಧಾನದಲ್ಲೇ ಒಂದು ವಿಧಿ ತನ್ನಿ ಅಂದರು. ಹಾಗೆ ಆ ಮಾತು ಉಳಿಯಿತು. ಇವತ್ತು ಅದು ರಾಜ್ಯಪಟ್ಟಿಯ 34ನೇ ನಮೂದು. ಅಂದರೆ ಮೈಸೂರಿನ ರೇಸಿನ ಬಗ್ಗೆ ಕಾನೂನು ಮಾಡುವ ಹೊಣೆ ದಿಲ್ಲಿಯದಲ್ಲ. ವಿಧಾನಸೌಧದ್ದು.

ಆ ಅಧಿಕಾರವನ್ನು ರಾಜ್ಯಗಳು ಬಳಸಿದ್ದು ಹೇಗೆ? ತಮಿಳುನಾಡು 1974ರಲ್ಲಿ ಕುದುರೆ ರೇಸನ್ನೇ ರದ್ದು ಮಾಡುವ ಕಾನೂನು ಮಾಡಿತು. 1986ರಲ್ಲಿ ಮದ್ರಾಸ್ ರೇಸ್ ಕ್ಲಬ್ಬನ್ನು ಸ್ವಾಧೀನ ಮಾಡಿಕೊಳ್ಳಲು ಇನ್ನೊಂದು ಕಾನೂನು. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕ್ಲಬ್ಬಿನ ಪರ ನಿಂತಿತು. ಕುದುರೆಯ ತಳಿ, ತರಬೇತಿ, ಹೊರುವ ತೂಕ, ಜಾಕಿಯ ಚಳಕ ಇವನ್ನೆಲ್ಲ ತಿಳಿದು ಬಾಜಿ ಕಟ್ಟುತ್ತಾರೆ, ಆದ್ದರಿಂದ ಇದು ಅದೃಷ್ಟದ ಆಟವಲ್ಲ, ಕೌಶಲದ ಆಟ ಅಂದಿತು. ಒಂದು ಶಾಸನಸಭೆಯ ಪೂರ್ತಿ ವಿರೋಧ ಇಪ್ಪತ್ತೆರಡು ವರ್ಷದ ನಂತರ ಕೋರ್ಟಿನಲ್ಲಿ ಬಿದ್ದುಹೋಯಿತು. ನಿಷೇಧದ ದಾರಿ ಅಷ್ಟು ಸುಲಭವಲ್ಲ ಅಂತ ಅಂದೇ ಗೊತ್ತಾಯಿತು. ಅದಕ್ಕೇ ಸದನದ ಕೈಯಲ್ಲಿ ಉಳಿದಿರುವ ಬೇರೆ ಹಿಡಿತಗಳು ಇನ್ನೂ ಮುಖ್ಯ. ಜಾಗ, ಪರವಾನಗಿ, ತೆರಿಗೆ.

ಕರ್ನಾಟಕ ಜೂಜಿನ ವಿರುದ್ಧ ಏನೂ ಮಾಡಿಲ್ಲ ಅಂತಲ್ಲ. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ಲಾಟರಿ ನಿಂತಿತು. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡುಗಳಲ್ಲಿ ಟಿಕೆಟ್ ನೇತುಹಾಕಿದ್ದ ಗೂಡಂಗಡಿಗಳನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ಆಮೇಲೆ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದರು. ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು, ಅದು ಬೇರೆ ಮಾತು. ಆ ತಿದ್ದುಪಡಿಯಲ್ಲೂ ಕುದುರೆ ರೇಸಿನ ಬಾಜಿಗೆ ವಿನಾಯಿತಿ ಇತ್ತು. ರಮ್ಮಿ ಆಡಿದವನು ಅಪರಾಧಿ, ಕುದುರೆಗೆ ಕಟ್ಟಿದವನು ಅಲ್ಲ. ಈ ವ್ಯತ್ಯಾಸಕ್ಕೆ ಕಾರಣ ಇರಬಹುದು. 1996ರ ತೀರ್ಪೇ ಕಾರಣ ಅನ್ನೋಣ ಅಂದರೆ, ರಮ್ಮಿಯನ್ನೂ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ ಹಿಂದೆಯೇ ಹೇಳಿತ್ತಲ್ಲ. ಹಾಗಾದರೆ ಕುದುರೆಗೆ ಮಾತ್ರ ಯಾಕೆ ಈ ರಕ್ಷಣೆ ಅಂತ ಕಾರಣ ಬಿಡಿಸಿ ಹೇಳಬೇಕಾದದ್ದು ಸದನದ ಕೆಲಸ.

ಈಗ ತೆರಿಗೆ. ಇದು ಸ್ವಲ್ಪ ಜಟಿಲ, ಆದರೆ ಇಲ್ಲೇ ಸರ್ಕಾರದ ನಿಜವಾದ ಇಕ್ಕಟ್ಟು ಕಾಣುವುದು.

ಬಾಜಿಯ ಮೇಲೆ ತೆರಿಗೆ ಹಾಕುವುದು ಅಂದರೆ ಬಾಜಿಯನ್ನು ಒಪ್ಪಿಕೊಂಡ ಹಾಗೆ ಅನ್ನುವ ವಿರೋಧ ಬಹಳ ಹಳೆಯದು. 1926ರಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಬಾಜಿಗೆ ತೆರಿಗೆ ತಂದಾಗ ಚರ್ಚುಗಳವರು, ಅವರ ಪರವಾದ ಸಂಸದರು ಇದೇ ಮಾತು ಹೇಳಿದರು. ಆ ತೆರಿಗೆ ಕೆಲವೇ ವರ್ಷದಲ್ಲಿ ಹೋಯಿತು. ಅದನ್ನು ಕೊಂದದ್ದು ನೀತಿಯ ವಾದವಲ್ಲ. ಕಟ್ಟಿದ ಪೂರ್ತಿ ಹಣದ ಮೇಲೆ ತೆರಿಗೆ ಬಿದ್ದಾಗ ಜನ ಕಳ್ಳ ಬುಕ್ಕಿಗಳ ಹತ್ತಿರ ಹೋದರು. ನಿರೀಕ್ಷಿಸಿದಷ್ಟು ದುಡ್ಡು ಬರಲಿಲ್ಲ. 1961ರ ಕಾಯ್ದೆಯಲ್ಲಿ ಬ್ರಿಟನ್ ಬೇರೆ ದಾರಿ ಹಿಡಿಯಿತು. ರೇಸಿಗೆ ಖಜಾನೆಯಿಂದ ಕೊಡುವುದು ಬೇಡ, ರೇಸಿನಿಂದ ಸಂಪಾದಿಸುವ ಬುಕ್ಕಿಗಳೇ ಒಂದು ಪಾಲು ಕೊಡಲಿ, ಅದನ್ನು ಒಂದು ಮಂಡಳಿ ಖರ್ಚು ಮಾಡಲಿ ಅಂತ. 2001ರಲ್ಲಿ ತೆರಿಗೆಯನ್ನೂ ಬದಲಿಸಿ, ಕಟ್ಟಿದ ಹಣದ ಬದಲು ಬುಕ್ಕಿಯ ಲಾಭದ ಮೇಲೆ ಹಾಕಿದರು. ಯಾಕೆಂದರೆ ಅಷ್ಟರಲ್ಲಿ ವ್ಯವಹಾರ ದೇಶ ಬಿಟ್ಟು ಹೊರಗೆ ಹೋಗತೊಡಗಿತ್ತು.

ನಾವು ಹೋದದ್ದು ಉಲ್ಟಾ ದಾರಿಯಲ್ಲಿ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂತು. 2018ರ ಜನವರಿಯಲ್ಲಿ ಒಂದು ನಿಯಮ ಸೇರಿಸಿ, ಕಟ್ಟಿದ ಪೂರ್ತಿ ಬಾಜಿಗೆ ಶೇಕಡಾ 28 ತೆರಿಗೆ ಅಂದರು. ಬೆಂಗಳೂರು ಮತ್ತು ಮೈಸೂರಿನ ಕ್ಲಬ್ಬುಗಳು ಹೈಕೋರ್ಟಿಗೆ ಹೋದವು. ಟೋಟಿನಲ್ಲಿ, ಅಂದರೆ ಕ್ಲಬ್ಬೇ ನಡೆಸುವ ಬಾಜಿಯಲ್ಲಿ, ಎಲ್ಲರ ಹಣ ಒಂದು ಕಡೆ ಸೇರುತ್ತದೆ, ಗೆದ್ದವರಿಗೆ ಹಂಚಿಹೋಗುತ್ತದೆ, ನಮಗೆ ಸಿಗುವುದು ಕಮಿಷನ್ ಮಾತ್ರ, ಅದಕ್ಕಷ್ಟೇ ತೆರಿಗೆ ಹಾಕಿ ಅನ್ನುವುದು ಅವರ ವಾದ. 2021ರ ಜೂನ್‌ನಲ್ಲಿ ಹೈಕೋರ್ಟ್ ಒಪ್ಪಿತು. ಆದರೆ ಜಿಎಸ್‌ಟಿ ಮಂಡಳಿ ಬಿಡಲಿಲ್ಲ. 2023ರಲ್ಲಿ ಕಾನೂನನ್ನೇ ತಿದ್ದಿ, ಅಕ್ಟೋಬರ್ 1ರಿಂದ ಪೂರ್ತಿ ಮೊತ್ತದ ಮೇಲೆ ಶೇಕಡಾ 28 ಅಂತ ಮತ್ತೆ ತಂದರು. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 40 ಆಯಿತು.

ಇದನ್ನು ಒಂದು ಉದಾಹರಣೆಯಲ್ಲಿ ನೋಡಿ. ಒಬ್ಬ ಮನುಷ್ಯ 140 ರೂಪಾಯಿ ಕೊಡುತ್ತಾನೆ ಅನ್ನಿ. ಅದರಲ್ಲಿ ಕುದುರೆಯ ಮೇಲೆ ಬೀಳುವುದು 100, ತೆರಿಗೆಗೆ ಹೋಗುವುದು 40. ಅದರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಅವನು ಸೋಲಲಿ ಗೆಲ್ಲಲಿ, ಆ 40 ವಾಪಸ್ ಬರುವುದಿಲ್ಲ. ಗೇಟಿನ ಆಚೆ ಫೋನಿನಲ್ಲಿ ಬಾಜಿ ತೆಗೆದುಕೊಳ್ಳುವ ಕಳ್ಳ ಬುಕ್ಕಿಗೆ ಆ 40ರ ಗೊಡವೆ ಇಲ್ಲ. ಆಟಗಾರ ಯಾರ ಹತ್ತಿರ ಹೋಗುತ್ತಾನೆ? ಇದು ಸಾಮಾನ್ಯ ಜ್ಞಾನ.

ಜಾಸ್ತಿ ತೆರಿಗೆ ಹಾಕಿದರೆ ಜೂಜು ಕಮ್ಮಿಯಾಗುತ್ತದೆ ಅನ್ನುವವರು ನನ್ನ ಸ್ನೇಹಿತರಲ್ಲೂ ಇದ್ದಾರೆ. ನನಗೆ ಆ ನಂಬಿಕೆ ಇಲ್ಲ. ಟೋಟಿನ ಕಿಟಕಿಯಲ್ಲಿ ಕಟ್ಟಿದ ದುಡ್ಡಿಗೆ ರಸೀದಿ ಇದೆ, ಲೆಕ್ಕ ಇದೆ. ಅಲ್ಲಿಂದ ಓಡಿಸಿದರೆ ಅದು ಲೆಕ್ಕವೇ ಇಲ್ಲದ ಕಡೆಗೆ ಹೋಗುತ್ತದೆ. ತೆರಿಗೆ ಎಷ್ಟೇ ಏರಿಸಿದರೂ ಅದು ನಿಯಂತ್ರಣ ಆಗುವುದಿಲ್ಲ. ಆದಾಯ ಬೇಕು ಅನ್ನುವ ಸರ್ಕಾರವೇ ಜೂಜು ಕಮ್ಮಿಯಾಗಬೇಕು ಅಂತಲೂ ಹೇಳಿದರೆ ಎರಡರಲ್ಲಿ ಒಂದು ಮಾತು ಸುಳ್ಳಾಗಲೇಬೇಕು.

ನಮ್ಮ ಬೀದಿಯಲ್ಲಿ ಒಬ್ಬ ಟೈಲರ್ ಇದ್ದರು. ಒಳ್ಳೆ ಕೈ. ರೇಸಿನ ದಿನ ಮಧ್ಯಾಹ್ನ ಅಂಗಡಿಯ ಷಟರ್ ಅರ್ಧ ಇಳಿದಿರುತ್ತಿತ್ತು. ಇಲ್ಲಿ ಕುದುರೆ ಓಡಬೇಕಂತಲೂ ಇರಲಿಲ್ಲ. ಪುಣೆಯಲ್ಲಿ, ಹೈದರಾಬಾದಿನಲ್ಲಿ ಓಡುವ ಕುದುರೆಗೂ ಇಲ್ಲಿ ಕೂತು ಕಟ್ಟಬಹುದು. ಎರಡು ಹೊಲಿಗೆ ಮಿಷನ್ ಒಂದಾಯಿತು, ಆಮೇಲೆ ಅದೂ ಹೋಯಿತು. ಬಹಳ ವರ್ಷದ ನಂತರ ಸಿಕ್ಕಾಗ ಅವರು ಹೇಳಿದ್ದು ಇಷ್ಟು: "ಗೆದ್ದ ದಿನ ಬೀದಿಗೆಲ್ಲ ಹೇಳ್ತಿದ್ದೆ ಸಾರ್. ಸೋತ ದಿನ ಹೆಂಡ್ತಿಗೂ ಹೇಳ್ತಿರ್ಲಿಲ್ಲ." ಇಂಥವರಿಗಾಗಿ ಪರವಾನಗಿಯಲ್ಲಿ ಒಂದು ಸಾಲಾದರೂ ಇರಬೇಕಲ್ಲವೇ? ದಿನಕ್ಕೆ ಇಷ್ಟಕ್ಕಿಂತ ಜಾಸ್ತಿ ಕಟ್ಟುವಂತಿಲ್ಲ ಅಂತಲೋ, ಮನೆಯವರು ಬರೆದುಕೊಟ್ಟರೆ ಒಳಗೆ ಬಿಡುವಂತಿಲ್ಲ ಅಂತಲೋ. ಸರ್ಕಾರ ಪಡೆಯುವ ತೆರಿಗೆಯಲ್ಲಿ ಒಂದು ಚೂರು ಇಂಥ ಮನೆಗಳ ಆಸರೆಗೆ ಅಂತ ಎತ್ತಿಡುವುದನ್ನು ಯಾರಾದರೂ ಸದನದಲ್ಲಿ ಕೇಳಬೇಕು.

ಪರವಾನಗಿ ಅಂದೆ. ಅದೂ ನಮ್ಮ ಕಥೆಯ ಮುಖ್ಯ ಭಾಗ. ಇಲ್ಲಿ ರೇಸು ನಡೆಯುವುದು 1952ರ ರೇಸ್‌ಕೋರ್ಸ್ ಪರವಾನಗಿ ಕಾಯ್ದೆಯ ಅಡಿಯಲ್ಲಿ. ಕರ್ನಾಟಕ ಅನ್ನುವ ಹೆಸರು ಬರುವುದಕ್ಕೂ ಮುಂಚೆ, ಹಳೆ ಮೈಸೂರು ರಾಜ್ಯ ಮಾಡಿದ ಕಾಯ್ದೆ. ಕ್ಲಬ್ಬು ಅರ್ಜಿ ಹಾಕುತ್ತದೆ, ಸರ್ಕಾರ ಷರತ್ತು ಹಾಕಿ ಕೊಡುತ್ತದೆ, ಅಥವಾ ಕೊಡುವುದಿಲ್ಲ. ಇದು ಇಲಾಖೆಯ ಕಡತದ ಕೆಲಸ. ಸದನಕ್ಕೆ ಬರುವುದೇ ಇಲ್ಲ.

ಇದರ ತೊಂದರೆ 2024ರಲ್ಲಿ ಚೆನ್ನಾಗಿ ಕಂಡಿತು. ಆ ವರ್ಷದ ಜನವರಿಯಲ್ಲಿ ಬೆಂಗಳೂರಿನ ರೇಸ್‌ಕೋರ್ಸಿನ ಬುಕ್ಕಿಗಳ ಮೇಲೆ ತೆರಿಗೆ ತಪ್ಪಿಸುತ್ತಿದ್ದಾರೆ ಅನ್ನುವ ಆರೋಪದಲ್ಲಿ ಪೊಲೀಸ್ ದಾಳಿಯಾಯಿತು. ಜೂನ್‌ನಲ್ಲಿ ಸರ್ಕಾರ ಟರ್ಫ್ ಕ್ಲಬ್ಬಿಗೆ ಪರವಾನಗಿ ನಿರಾಕರಿಸಿತು. ಹೈಕೋರ್ಟಿನ ಏಕಸದಸ್ಯ ಪೀಠ ರೇಸು ನಡೆಸಬಹುದು ಅಂತ ಮಧ್ಯಂತರ ಆದೇಶ ಕೊಟ್ಟಿತು. ಕೆಲವೇ ದಿನದಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು. ಲಾಯದಲ್ಲಿದ್ದ ಕುದುರೆಗಳಿಗೆ ಮೇವು ಹಾಕುವವರು, ಉಜ್ಜಿ ತೊಳೆಯುವ ಸೈಸ್‌ಗಳು, ಬೆಳಗಿನ ಜಾವ ಓಡಿಸುವ ಹುಡುಗರು ಇವರಿಗೆಲ್ಲ ನಾಳೆ ಕೆಲಸ ಇದೆಯೋ ಇಲ್ಲವೋ ಗೊತ್ತಿರಲಿಲ್ಲ. ಸರ್ಕಾರ ಮಾಡಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ತೆರಿಗೆ ಕದ್ದರೆ ಹಿಡಿಯಲೇಬೇಕು. ಆದರೆ ಒಂದು ಉದ್ಯಮವನ್ನು ನಡೆಸುವುದೋ ನಿಲ್ಲಿಸುವುದೋ ಅನ್ನುವ ತೀರ್ಮಾನ ಒಂದು ಕಡತದಲ್ಲಿ ಹುಟ್ಟಿ ಕೋರ್ಟಿನಲ್ಲಿ ಹೊರಳಾಡಿತು. ರೇಸಿಗೆ ಎಂಥ ಕಾನೂನು ಬೇಕು ಅಂತ ಆಡಳಿತದವರೂ ವಿರೋಧ ಪಕ್ಷದವರೂ ಎದುರುಬದುರು ಕೂತು ವಾದ ಮಾಡಬೇಕಾದ ಜಾಗ ಸದನ. ಆ ವಾದ ಅಲ್ಲಿ ನಡೆಯಲಿಲ್ಲ.

ಸದನದಲ್ಲಿ ಇಂಥ ಚರ್ಚೆ ಸಾಧ್ಯವೇ ಇಲ್ಲ ಅನ್ನುವವರಿಗೆ ಎತ್ತಿನಗಾಡಿ ಓಟ ನೆನಪು ಮಾಡುತ್ತೇನೆ. ಮಂಡ್ಯದ ಕಡೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಳ್ಳಿಕಾರ್ ಜೋಡಿ ಕಟ್ಟಿಕೊಂಡು ಊರೂರಿನಿಂದ ಬರುತ್ತಾರೆ. ಗೆದ್ದ ಜೋಡಿಗೆ ಹೂವಿನ ಹಾರ, ಅದರ ಬೆಲೆ ಒಂದೇ ದಿನಕ್ಕೆ ದುಪ್ಪಟ್ಟು. ಪ್ರಾಣಿಹಿಂಸೆ ಅನ್ನುವ ತಕರಾರು ಬಂದಾಗ ಕಂಬಳಕ್ಕೂ ಎತ್ತಿನಗಾಡಿ ಓಟಕ್ಕೂ ಸೇರಿಸಿ 2017ರಲ್ಲಿ ವಿಧಾನಸಭೆ ತಿದ್ದುಪಡಿ ತಂದಿತು. ಪಕ್ಷ ನೋಡದೆ ಸದಸ್ಯರು ಮಾತಾಡಿದರು. ಸುಗ್ರೀವಾಜ್ಞೆ ಬಂತು, ಮತ್ತೆ ಮಸೂದೆ ಬಂತು, ರಾಷ್ಟ್ರಪತಿಗಳ ಅಂಕಿತ ಬಿತ್ತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ಕಾನೂನನ್ನು ಎತ್ತಿಹಿಡಿಯಿತು. ಪ್ರಾಣಿಪ್ರಿಯರಿಗೆ ಅದು ಒಪ್ಪಿಗೆಯಾಗದೆ ಇರಬಹುದು. ಅವರ ಮಾತಿನಲ್ಲೂ ಸತ್ಯ ಇದೆ. ಆದರೆ ಎತ್ತಿನ ಬೆನ್ನಿನ ಬಾರುಕೋಲಿನ ಬಗ್ಗೆ ಈ ರಾಜ್ಯದ ಸದನ ಅಷ್ಟು ಹೊತ್ತು ಕೂತು ಮಾತಾಡಿದೆ. ಕುದುರೆಯ ಬೆನ್ನಿನ ಚಾಟಿಯ ಬಗ್ಗೆ, ಓಡಲಾಗದ ಕುದುರೆ ಕೊನೆಗೆ ಎಲ್ಲಿಗೆ ಹೋಗುತ್ತದೆ ಅನ್ನುವ ಬಗ್ಗೆಯೂ ಅಷ್ಟೇ ಹೊತ್ತು ಮಾತಾಡಬಹುದು.

ಗ್ರಾಮದ ರೈತನ ಎತ್ತಿನ ಓಟಕ್ಕೆ ಸದನದ ಒಪ್ಪಿಗೆ ಬೇಕಾಯಿತು, ನೂರಾರು ಎಕರೆ ಸರ್ಕಾರಿ ನೆಲದಲ್ಲಿ ಓಡುವ ಕುದುರೆಗೆ ಇಲಾಖೆಯ ಒಂದು ಸಹಿ ಸಾಕಾಯಿತು. ನನಗೆ ನೋವಾಗುವುದು ಇಲ್ಲಿ.

ವಿರೋಧ ಪಕ್ಷ ಯಾವುದೇ ಇರಲಿ, ಆಡಳಿತಕ್ಕೆ ಬಂದ ಮೇಲೆ ಸುಮ್ಮನಾಗುವುದನ್ನು ನಾವು ನೋಡಿದ್ದೇವೆ. ಲಾಭದ ಉದ್ಯಮ ಅಂದಾಗ ಗೆದ್ದೆತ್ತಿನ ಬಾಲ ಹಿಡಿಯುವವರೇ ಜಾಸ್ತಿ. ಅದಕ್ಕೇ ಒಬ್ಬಿಬ್ಬರ ಧೈರ್ಯವನ್ನು ನಂಬಿ ಕೂರುವ ಬದಲು, ಕೇಳಲೇಬೇಕಾದ ಸಂದರ್ಭ ತಾನಾಗೇ ಬರುವಂಥ ಏರ್ಪಾಡು ಬೇಕು. ನನ್ನ ಪ್ರಕಾರ ಅದಕ್ಕೆ ದೊಡ್ಡ ಕಾನೂನು ಬೇಕಾಗಿಲ್ಲ. ಸರ್ಕಾರಿ ಜಾಗವನ್ನು ಮಾರುಕಟ್ಟೆ ದರಕ್ಕಿಂತ ಕಮ್ಮಿಗೆ ಗುತ್ತಿಗೆ ಕೊಟ್ಟಿದ್ದರೆ, ಆ ವ್ಯತ್ಯಾಸ ಎಷ್ಟು ಅಂತ ವರ್ಷಕ್ಕೊಮ್ಮೆ ಬಜೆಟ್ ಕಾಗದಗಳ ಜೊತೆ ಸದನದಲ್ಲಿ ಮಂಡಿಸಲಿ. ರೇಸ್‌ಕೋರ್ಸಿಗೆ ಮಾತ್ರ ಅಲ್ಲ, ಎಲ್ಲ ಕ್ಲಬ್ಬುಗಳಿಗೂ. ಪರವಾನಗಿಯ ಷರತ್ತುಗಳನ್ನೂ ಹಾಗೇ ಮಂಡಿಸಲಿ. ಆಗ ವಿರೋಧಿಸುವವರು ವಿರೋಧಿಸಲಿ, ಬೆಂಬಲಿಸುವವರು ಯಾಕೆ ಅಂತ ಹೆಸರು ಹೇಳಿಕೊಂಡು ಬೆಂಬಲಿಸಲಿ. ಊರಿಗೆ ಒಂದು ಹಸಿರು ಬಯಲು ಉಳಿಯುತ್ತದೆ ಅನ್ನುವುದಕ್ಕಾಗಿ ಕಮ್ಮಿ ಬಾಡಿಗೆ ಸರಿ ಅಂತ ಸದನ ತೀರ್ಮಾನಿಸಿದರೆ ನಾನು ಒಪ್ಪುತ್ತೇನೆ. ಅದಕ್ಕೆ ಬದಲಾಗಿ ಬೆಳಗಿನ ಎರಡು ಗಂಟೆ ಊರಿನವರಿಗೆ ನಡೆದಾಡಲು ಗೇಟು ತೆಗೆಯಿರಿ ಅಂತ ಒಂದು ಷರತ್ತು ಹಾಕಿದರೆ ಇನ್ನೂ ಸಂತೋಷ.

ಅಲ್ಲಿಯವರೆಗೆ ಇರುವ ದಾರಿ ಪ್ರಶ್ನೋತ್ತರ ಕಲಾಪ. ಒಬ್ಬ ಶಾಸಕ ಬರೆದು ಕೇಳಿದರೆ ಮಂತ್ರಿ ಉತ್ತರ ಕೊಡಬೇಕು. ನಾನು ನಾಲ್ಕು ಪ್ರಶ್ನೆ ಬರೆದು ನಮ್ಮ ಕ್ಷೇತ್ರದ ಶಾಸಕರ ಕಚೇರಿಗೆ ಕೊಟ್ಟು ಬಂದಿದ್ದೇನೆ. ಮೈಸೂರು ರೇಸ್‌ಕೋರ್ಸಿನ ಗುತ್ತಿಗೆ ಯಾವ ದಿನಾಂಕದವರೆಗೆ ಇದೆ? ವರ್ಷದ ಬಾಡಿಗೆ ಎಷ್ಟು, ಅದನ್ನು ಯಾವ ಲೆಕ್ಕದಲ್ಲಿ ನಿಗದಿ ಮಾಡಿದ್ದಾರೆ? ಕಳೆದ ಐದು ವರ್ಷದಲ್ಲಿ ಇಲ್ಲಿನ ಬಾಜಿಯಿಂದ ರಾಜ್ಯಕ್ಕೆ ಬಂದ ತೆರಿಗೆ ಎಷ್ಟು? ರೇಸಿನಿಂದ ನಿವೃತ್ತಿಯಾದ ಕುದುರೆಗಳನ್ನು ಎಲ್ಲಿಗೆ ಕಳಿಸಿದ್ದಾರೆ, ಅದರ ದಾಖಲೆ ಯಾರ ಹತ್ತಿರ ಇದೆ? ಕಚೇರಿಯಲ್ಲಿದ್ದ ಹುಡುಗ ಕಾಗದ ತೆಗೆದುಕೊಂಡು ಸೀಲ್ ಹಾಕಿಕೊಟ್ಟ. ಅಧಿವೇಶನದ ದಿನಾಂಕ ಗೊತ್ತಾದ ಕೂಡಲೇ ಮತ್ತೆ ಹೋಗುತ್ತೇನೆ. ನಿಮ್ಮ ಕ್ಷೇತ್ರದ ಶಾಸಕರಿಗೆ ನೀವೂ ಇದನ್ನೇ ಬರೆದು ಕೊಡಬಹುದು, ಕಾಗದದ ನಕಲು ನಮ್ಮ ಮನೆಯಲ್ಲಿದೆ.